ನಾಲ್ಕನೆಯ ಇಂಜೆಕ್ಟರ್

ಚಿಂತಾಮಣಿಯಿಂದ ಗೌರಿಬಿದನೂರಿಗೆ ಹೊರಡಬೇಕಿದ್ದ ಬಸ್ಸು ನಿಂತಲ್ಲೇ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಹಿಂದೆ ಕಪ್ಪು ಹೊಗೆ!

"ಡೀಸೆಲ್ ಕದ್ದು ಸೀಮೆಎಣ್ಣೆ ಬೆರೆಸಿದಾನೆ, ಧಣಿ!" ಎಂದ ಷೆಡ್ಡಿನ ಮೆಕ್ಯಾನಿಕ್ ಬಯ್ಯಪ್ಪ.

ಪ್ರಯಾಣಿಕರೆಲ್ಲ ಡ್ರೈವರ್ ಕೋನಪ್ಪನತ್ತ ತಿರುಗಿದರು. ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದವನು ಸೀಟಿನಿಂದ ಕೆಳಗಿಳಿದ.

"ಖಾಕಿ ಬಿಚ್ಚಿಟ್ಟು ಹೋಗು" ಎಂದರು ಮಾಲೀಕ ಚಲಪತಿ.

"ಶಿಡ್ಲಘಟ್ಟದ ವೆಂಕಟರವಣಪ್ಪನೋರಿಗೆ ಒಂದ್ಸಲ ತೋರ್ಸಿ, ಧಣಿ. ತಪ್ಪು ನಂದೇ ಆದ್ರೆ ನಾನೇ ಠಾಣೆಗೆ ಹೋಗ್ತೀನಿ."

ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುವ ಆ ಹಿರಿಯ ಮೆಕ್ಯಾನಿಕ್ ಹತ್ತು ಗಂಟೆಗೆ ಬಂದಿಳಿದರು.

"ಯಾವಾಗಿಂದಪ್ಪ ಹಿಂಗೆ?"

"ನಿನ್ನೆ ಷೆಡ್ಡಿಂದ ಬಂದ ಮೇಲೆ. ಓಡುವಾಗ ಅಷ್ಟು ಗೊತ್ತಾಗಲ್ಲ. ನಿಂತ್ರೆ ನಡುಕ" ಎಂದ ಕೋನಪ್ಪ.

"ಬಯ್ಯಪ್ಪ, ಇಂಜೆಕ್ಟರ್ ಬಿಚ್ಚಿದ್ಯಾ?"

"ಇಲ್ಲ ಸ್ವಾಮಿ! ಬ್ರೇಕ್ ನೋಡ್ದೆ, ಅಷ್ಟೇ. ಇಂಜೆಕ್ಟರ್ ಬಿಚ್ಚಿ ವರ್ಷ ಆಯ್ತು."

ವೆಂಕಟರವಣಪ್ಪ ಬಾನೆಟ್ ಎತ್ತಿದರು. ಓಡುತ್ತಿದ್ದ ಇಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಆರು ಇಂಜೆಕ್ಟರುಗಳ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿದರು. ಮೊದಲನೆಯದು — ಇಂಜಿನ್ ಮುಗ್ಗರಿಸಿತು. ಎರಡನೆಯದು, ಮೂರನೆಯದು — ಹಾಗೆಯೇ. ನಾಲ್ಕನೆಯದು?

ಡೀಸೆಲ್ ತಪ್ಪಿಸಿದರೂ ಸದ್ದು ಬದಲಾಗಲೇ ಇಲ್ಲ!

ಐದು, ಆರಕ್ಕೆ ಮತ್ತೆ ಮುಗ್ಗರಿಕೆ.

"ಸೀಮೆಎಣ್ಣೆ ಬೆರೆಸಿದ್ರೆ ಆರಕ್ಕೂ ಅದೇ ಗತಿ ಆಗ್ಬೇಕಿತ್ತು. ಕೆಲಸ ಮಾಡ್ದೆ ಕೂತಿರೋದು ಇದೊಂದೇ."

ಇಂಜಿನ್ ನಿಲ್ಲಿಸಿ ನಾಲ್ಕನೆಯ ಇಂಜೆಕ್ಟರನ್ನು ಬಿಚ್ಚಿ, ಹೊರಗೇ ಪೈಪಿಗೆ ಜೋಡಿಸಿ ಇಂಜಿನ್ ತಿರುಗಿಸಿದರು. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ತೊಟತೊಟನೆ ಸೋರಿತು.

"ಹಳೇದಾಗಿ ಕೆಟ್ಟಿರ್ಬೇಕು" ಎಂದ ಬಯ್ಯಪ್ಪ ಮೆಲ್ಲಗೆ.

ವೆಂಕಟರವಣಪ್ಪ ಐದನೆಯದನ್ನೂ ಬಿಚ್ಚಿ, ಎರಡರ ತಾಮ್ರದ ವಾಷರುಗಳನ್ನು ಅಂಗೈ ಮೇಲಿಟ್ಟರು.

"ನೋಡಿ ಚಲಪತಿಯೋರೆ. ಐದನೇದು ಮಸಿ ಹಿಡಿದು ಕರ್ರಗಿದೆ. ನಾಲ್ಕನೇದು? ಹೊಸ ಕಾಸಿನ ಹಾಗೆ ಥಳಥಳ! ವರ್ಷದಿಂದ ಬಿಚ್ಚದ ಇಂಜೆಕ್ಟರ್‌ಗೆ ಹೊಸ ವಾಷರ್ ಹೆಂಗಪ್ಪ ಬಂತು? ಈ ಇಂಜೆಕ್ಟರ್ ತುದಿಯ ತೂತೂ ಸೂಜೀಲಿ ಕೆದಕಿ ಗೀರಾಗಿದೆ. ಕೆದಕಿದ ಕೈ ನಿಂದೇ — ಬಯ್ಯಪ್ಪ!"

ಬಯ್ಯಪ್ಪನ ತಲೆ ಬಗ್ಗಿತು. "ಹೊಗೆ ಬರ್ತಿತ್ತು, ಕ್ಲೀನ್ ಮಾಡೋಕೆ ಹೋದೆ... ಕೆಟ್ಟೋಯ್ತು. ಕೆಲಸ ಹೋಗತ್ತೆ ಅಂತ ಭಯ ಆಯ್ತು, ಧಣಿ."

"ಅದಕ್ಕೆ ನನ್ನ ಕಳ್ಳ ಮಾಡ್ದ್ಯಾ?" ಕೋನಪ್ಪ ಅವನೆದುರು ಬಂದು ನಿಂತ.

ಷೆಡ್ಡಿನಿಂದ ಹೊಸ ಇಂಜೆಕ್ಟರ್ ಬಂತು. ಸ್ಟಾರ್ಟ್ ಮಾಡಿದರೆ — ಇಂಜಿನ್ ಒಂದೇ ಲಯದಲ್ಲಿ ಗುನುಗತೊಡಗಿತು. ಕಿಟಕಿಯ ಒಂದು ಗಾಜೂ ಅಲುಗಲಿಲ್ಲ!

"ತಪ್ಪಾಯ್ತು ಕಣಪ್ಪ ಕೋನಪ್ಪ" ಎಂದು ಚಲಪತಿ ಎಲ್ಲರೆದುರೇ ಅವನ ಕೈ ಹಿಡಿದರು. "ಹತ್ತು, ಗಾಡಿ ತೆಗಿ."

ಕೋನಪ್ಪ ಎದೆಯುಬ್ಬಿಸಿ ಹತ್ತಿದ. ಪ್ರಯಾಣಿಕರು ಸೀಟಿ ಹೊಡೆದು ಕೂಗುತ್ತಿದ್ದಂತೆ, ಮೂರು ಗಂಟೆ ತಡವಾದ ಬಸ್ಸು ಚಿಕ್ಕಬಳ್ಳಾಪುರದ ರಸ್ತೆ ಹಿಡಿಯಿತು.