ಗದ್ದೆಪ್ಪನ ನಲವತ್ತು ಮಾರು

ಸಂಜೆ ಆರರೊಳಗೆ ಕರಡಿಗುಡ್ಡದ ತುದಿಯಿಂದ ಬಂಡೆದೊಡ್ಡಿಗೆ ಇಂಟರ್ನೆಟ್ ಇಳಿಯಬೇಕಿತ್ತು. ಹೇಳುವುದಕ್ಕೇನು, ಸಲೀಸು.

ಬಂಡೆದೊಡ್ಡಿ ದೇವದುರ್ಗ ತಾಲ್ಲೂಕಿನ ಮೂವತ್ತು ಮನೆಗಳ ಊರು. ಸುತ್ತ ಗುಡ್ಡ, ಹಾಗಾಗಿ ಅಲ್ಲಿ ಫೋನು ಇದ್ದದ್ದು ಟಾರ್ಚ್ ಹಚ್ಚಲು ಮಾತ್ರ. ಊರಿನ ಸುಮಂಗಲಾಳಿಗೆ ರಾಯಚೂರಿನ ಆಸ್ಪತ್ರೆಯೊಂದರ ಆನ್‌ಲೈನ್ ತರಬೇತಿಯಲ್ಲಿ ಸೀಟು ಸಿಕ್ಕಿತ್ತು; ಮುಗಿಸಿದರೆ ಅಲ್ಲೇ ನೌಕರಿ. ತರಗತಿ ಸಂಜೆ ಆರರಿಂದ ಒಂಬತ್ತರವರೆಗೆ. ಸಿಗ್ನಲ್ ಸಿಗುವ ಗಬ್ಬೂರಿಗೆ ಹೋಗಿ ಕೂತರೆ ರಾತ್ರಿ ವಾಪಸ್ ಬರಲು ಬಸ್ಸಿಲ್ಲ. ಇವತ್ತು ಮೊದಲ ದಿನ. ಗೈರಾದರೆ ಸೀಟು ಬೇರೆಯವರಿಗೆ.

ಊರಿನ ಹೆಣ್ಣುಮಕ್ಕಳ ಸಂಘ ಸುಮ್ಮನೆ ಕೂರಲಿಲ್ಲ. ಗಬ್ಬೂರಿನ ಖಾಸಿಂ ಬೀ ತಮ್ಮ ಬಳೆ ಅಂಗಡಿಯ ಮಾಳಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಗುಡ್ಡದ ತುದಿಯ ಡಿಶ್‌ಗೆ, ತುದಿಯಿಂದ ಬಂಡೆದೊಡ್ಡಿಗೆ ಇಂಟರ್ನೆಟ್. ಖರ್ಚಿಗೆ ಊರಿನ ಪ್ರತಿ ಮನೆಯಿಂದ ತಿಂಗಳಿಗೆ ನೂರು ರೂಪಾಯಿ. ಡಿಶ್ ಕೂರಿಸಲು ರಾಯಚೂರಿನಿಂದ ಗೌತಮ ಬಂದ. ದಾರಿ ತೋರಿಸಲು ಬಾವಿ ತೋಡುವ ಗದ್ದೆಪ್ಪ, ಕೈಜೋಡಿಸಲು ಸುಮಂಗಲಾ ಜೊತೆಯಾದರು.

ಮಧ್ಯಾಹ್ನ ಎರಡಕ್ಕೆ ಡಿಶ್ ತುದಿಯಲ್ಲಿ ನಿಂತಿತು. ವೈರು ಕೆಳಗೆ ಬಿಟ್ಟರು. ಡಿಶ್‌ಗೆ ಕರೆಂಟು ಕೊಡುವ ಬ್ಯಾಟರಿ ಸೌರಫಲಕದ ಜೊತೆ ಗುಡ್ಡದ ಬುಡದಲ್ಲಿತ್ತು. ವೈರು ಅದರ ಮೇಲೆ ಐದಾರು ಮಾರು ಎತ್ತರದಲ್ಲೇ ನಿಂತುಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಗಿದ್ದಿಷ್ಟು. ಗದ್ದೆಪ್ಪ ಹಗ್ಗ ಇಳಿಬಿಟ್ಟು, ಬಾವಿ ಅಳೆದಂತೆ ಎರಡೂ ಕೈ ಚಾಚಿ ಅಳೆದು, ನಲವತ್ತು ಮಾರು ಎಂದು ಹೇಳಿ ಕಳಿಸಿದ್ದ. ಗೌತಮ ಮಾನ್ವಿಯ ಅಂಗಡಿಯಲ್ಲಿ ತನ್ನ ಕೈ ಚಾಚಿ ನಲವತ್ತು ಮಾರು ತಂದಿದ್ದ. ಗದ್ದೆಪ್ಪ ಆರಡಿ ಆಳು. ಗೌತಮ ಅವನ ಭುಜಕ್ಕೆ ಬರುತ್ತಿದ್ದ.

ಮಾನ್ವಿಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಗೌತಮ ತಲೆ ತಗ್ಗಿಸಿ ಕೂತ. ಸುಮಂಗಲಾ ಮಾತ್ರ ಬ್ಯಾಟರಿಯನ್ನೇ ನೋಡುತ್ತಿದ್ದಳು.

"ವೈರ್ ಕೆಳಗ ಬರಂಗಿಲ್ಲಂದ್ರ ಬ್ಯಾಟರಿನ ಮ್ಯಾಲ ಒಯ್ಯೋಣು, ಕಾಕಾ."

ಹೊತ್ತು ಹತ್ತುವ ಭಾರವಲ್ಲ ಅದು. ಸೌರಫಲಕವನ್ನು ಗೌತಮ ಬೆನ್ನಿಗೆ ಕಟ್ಟಿಕೊಂಡ. ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಾವಿಯಿಂದ ಮಣ್ಣು ಎತ್ತುವ ಹಗ್ಗಕ್ಕೆ ಬಿಗಿದು, ತುದಿಗೆ ಹತ್ತಿ ಮೇಲಿನಿಂದ ಮೂವರೂ ಎಳೆದರು.

ಅರ್ಧ ದಾರಿಯಲ್ಲಿ ಚೀಲ ತೂಗಾಡಿತು. ಬಂಡೆಗೆ ಬಡಿಯಿತು.

ಪಕ್ಕದಲ್ಲೇ ಹೆಜ್ಜೇನು.

ಗೂಡು ಗುಂಯ್ ಎಂದು ಎದ್ದಿತು.

"ಯಾರೂ ಅಳ್ಳಾಡಬ್ಯಾಡ್ರಿ," ಎಂದ ಗದ್ದೆಪ್ಪ, ತುಟಿ ಅಲುಗಿಸದೆ.

ಹುಳುಗಳು ಮೇಲೆ ಬಂದವು. ಒಂದು ಸುಮಂಗಲಾಳ ಕೆನ್ನೆಗೆ ಕಚ್ಚಿತು. ಇನ್ನೊಂದು ಹುಬ್ಬಿಗೆ. ಕಣ್ಣಲ್ಲಿ ನೀರು ಸುರಿಯಿತು. ಕೈ ಬಿಟ್ಟರೆ ಬ್ಯಾಟರಿ ಪುಡಿ, ಸೀಟೂ ಹೋಯಿತು. ಹಗ್ಗ ಅಂಗೈ ಸುಲಿಯುತ್ತಿದ್ದರೂ ಅವಳು ಬಿಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಗೂಡು ತಣ್ಣಗಾಯಿತು. ಗೇಣು ಗೇಣಾಗಿ ಎಳೆದುಕೊಂಡರು.

ಬ್ಯಾಟರಿ ತುದಿಗೆ ಬಂದಾಗ ಹೊತ್ತು ವಾಲಿತ್ತು. ಕೆಳಗೆ ಹತ್ತಿ ಹೊಲಗಳು ಬೆಳ್ಳಗೆ ಬಿರಿದಿದ್ದವು. ಕಾಲುವೆ ನೀರು ಮುಟ್ಟಿದ ಕಡೆಯೆಲ್ಲ ಭತ್ತದ ಹಸಿರು, ಬಲು ದೂರದಲ್ಲಿ ಕೃಷ್ಣೆಯ ತೆಳು ಗೆರೆ. ನಡುವೆ ಗಬ್ಬೂರು, ನೂರಾರು ಮಾಳಿಗೆ. ಅದರಲ್ಲಿ ಖಾಸಿಂ ಬೀ ಅವರದು ಯಾವುದು? ತುದಿಯಲ್ಲಿ ಮಾತಿಗೆ ಸಾಲುವಷ್ಟು ಸಿಗ್ನಲ್ ಇತ್ತು. ಗೌತಮ ಬ್ಯಾಟರಿಗೆ ವೈರು ಜೋಡಿಸಿ, ಅವರಿಗೆ ಫೋನು ಮಾಡಿ, ಅಂಗಡಿಯ ಕನ್ನಡಿಯನ್ನು ಮಾಳಿಗೆ ಮೇಲೆ ಬಿಸಿಲಿಗೆ ಹಿಡಿಯಿರಿ ಎಂದ. ಬಿಸಿಲೇ ಮುಗಿಯುತ್ತಿದೆ, ಬೇಗ ನೋಡಪ್ಪ ಎಂದು ಆಕೆ ಗದರಿಕೊಂಡರು.

ಸಾಲು ಮನೆಗಳ ನಡುವೆ ಒಂದು ಕಿಡಿ ಮಿನುಗಿತು. ಗೌತಮ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿದ. ಹಸಿರು ದೀಪ ಹತ್ತಿತು. ಮೂವರಿಗೂ ಕುಣಿಯುವಷ್ಟು ಖುಷಿ, ಆದರೆ ಗಂಟೆ ಐದೂ ಮುಕ್ಕಾಲು. ಬಿದ್ದು ಎದ್ದು ಗುಡ್ಡ ಇಳಿದರು.

ಸುಮಂಗಲಾ ಮನೆ ಮುಟ್ಟಿದಾಗ ಊರೇ ಪಡಸಾಲೆಯಲ್ಲಿತ್ತು. ಸಂಘದವರು ತರಗತಿ ತೆರೆದಿಟ್ಟಿದ್ದ ಫೋನಿನಲ್ಲಿ ತರಬೇತಿಯ ಮೇಡಂ ಹಾಜರಿ ಕರೆಯುತ್ತಿದ್ದರು. ಅವಳ ಹೆಸರು ಆಗಲೇ ದಾಟಿಹೋಗಿತ್ತು.

"ಮೇಡಂ, ಸುಮಂಗಲಾ ಅದೀನ್ರಿ," ಎಂದಳು ಏದುಸಿರಲ್ಲಿ.

ಮೇಡಂ ಅವಳ ಊದಿದ ಮುಖ ನೋಡಿದರು. ಹಿಂದೆ ಒತ್ತಿಕೊಂಡು ಇಣುಕುತ್ತಿದ್ದ ಮುಖಗಳನ್ನೂ ನೋಡಿ, ಇವರೆಲ್ಲ ಯಾರು ಎಂದು ಕೇಳಿದರು.

"ನಮ್ಮೂರ ಮಂದಿ ರೀ. ಇವತ್ತ ನಿಮಗ ಕಾಣಾಕತ್ತೀವಿ."

ಮೇಡಂ ನಕ್ಕು, ಪಟ್ಟಿಯಲ್ಲಿ ಹಿಂದಕ್ಕೆ ಹೋಗಿ ಅವಳ ಹೆಸರಿನ ಮುಂದೆ ಹಾಜರಿ ಹಾಕಿದರು.