ಟೇಪಿನ ಇನ್ನೊಂದು ತುದಿ

“ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅವರು ಬಂದು ಹೋಗೋವರೆಗೂ ನೀವು ಈ ಮನೇಲಿ ಇಲ್ಲ ಅಂತಲೇ ಇರಲಿ.”

ತಮ್ಮನ ಹೆಂಡತಿ ಈ ಮಾತು ಹೇಳಿದ್ದು ಕಿಟಕಿಯ ಗಾಜು ಒರೆಸುತ್ತಾ, ಬೆನ್ನು ತಿರುಗಿಸಿಕೊಂಡೇ. ಮುಖ ನೋಡಿ ಹೇಳುವ ಮಾತಲ್ಲವೆಂದು ಅವಳಿಗೂ ಗೊತ್ತಿತ್ತೇನೋ, ಪಾಪ! ಅಪ್ಪ ಬಿಟ್ಟುಹೋದ ಮನೆಯ ಮೇಲೆ ಸಾಲ ಎತ್ತಿ ತಮ್ಮನು ಸ್ವಂತ ಅಂಗಡಿ ಇಡುವವನಿದ್ದ. ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟುವವರು ಮರುದಿನ ಬೆಳಿಗ್ಗೆ ಬರುವವರಿದ್ದರು. ಜೊತೆಗೊಬ್ಬ ಅಕ್ಕ ಇದ್ದಾಳೆಂದು ತಿಳಿದರೆ ಅವಳ ಒಪ್ಪಿಗೆ ತನ್ನಿ, ಸಹಿ ತನ್ನಿ ಎಂದು ಎಳೆದಾಡುತ್ತಾರೆ, ಕೆಲಸ ಹಿಂದೆ ಬೀಳುತ್ತದೆ ಎಂದು ಯಾರೋ ಆ ಹೆಣ್ಣಿನ ಕಿವಿಯೂದಿದ್ದರು. ಅಕ್ಕ ಸಹಿ ಹಾಕಲು ಒಲ್ಲೆ ಎನ್ನುವವಳೇ? ಕೇಳಿದ್ದರೆ ಹತ್ತೂ ಬೆರಳು ಒತ್ತಿ ಕೊಡುತ್ತಿದ್ದಳು. ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಬೀದಿಗೆಲ್ಲ ಅವಳು ಅಕ್ಕ. ಹಾಲು ಹಾಕುವವನಿಗೂ ಅಕ್ಕ, ರವಿಕೆ ಹೊಲಿಸಿಕೊಳ್ಳುವ ಮುದುಕಿಯರಿಗೂ ಅಕ್ಕ. ತಂದೆ ತಾಯಿ ಕಣ್ಮುಚ್ಚಿದ ಮೇಲೆ ಹೊಲಿಗೆ ಮಿಷನ್ ತುಳಿದು ತಮ್ಮನನ್ನು ಓದಿಸಿದಳು, ಅವನ ಮದುವೆ ಮಾಡಿದಳು. ತನ್ನ ಮದುವೆಯನ್ನು ಮಾತ್ರ ಆಮೇಲೆ ನೋಡೋಣ, ಆಮೇಲೆ ನೋಡೋಣ ಎಂದು ಮುಂದೂಡುತ್ತಲೇ ತಲೆ ನೆರೆಸಿಕೊಂಡಳು. ತಮ್ಮನ ಮಕ್ಕಳು ಬೆಳೆದಾಗ ತನ್ನ ಕೋಣೆ ಅವರಿಗೆ ಬಿಟ್ಟು, ಅಡುಗೆಮನೆಯ ಹಿಂದಿನ ಕಿಟಕಿಯಿಲ್ಲದ ಕೋಣೆ ಸೇರಿದ್ದಳು. ಅದಕ್ಕೂ ಅವಳು ಒಂದು ಮಾತು ಆಡಿದವಳಲ್ಲ.

ಈಗಲೂ ಆಡಲಿಲ್ಲ. ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಬಂದವರು ಎಲ್ಲೂ ಕಾಯಬಾರದಲ್ಲ! ಬೀಗ ಹಾಕಿದ್ದ ಬಾಗಿಲುಗಳಿಗೆಲ್ಲ ಕೀಲಿ ಹುಡುಕಿಟ್ಟಳು, ಬಚ್ಚಲ ಚಿಲಕಕ್ಕೆ ಎಣ್ಣೆ ಬಿಟ್ಟಳು, ಹೊರಗೋಡೆ ಅಳೆಯಲು ಅಡ್ಡವಾದ ಗಿಡಗಳನ್ನು ಸವರಿದಳು, ಮನೆಯ ಪತ್ರಗಳನ್ನು ಮೇಜಿನ ಮೇಲೆ ಜೋಡಿಸಿದಳು. ನಡುಮನೆಯ ಬಲ್ಬು ಸುಟ್ಟಿತ್ತು. ತನ್ನ ಕೋಣೆಯದನ್ನೇ ಬಿಚ್ಚಿ ಅಲ್ಲಿಗೆ ಹಾಕಿದಳು. ಕೊನೆಗೆ ಮುರಿದ ಕುರ್ಚಿ, ಹಳೆಯ ಟ್ರಂಕು, ಮಕ್ಕಳ ಸೈಕಲ್ಲು ಎಲ್ಲವನ್ನೂ ತನ್ನ ಕೋಣೆಗೆ ತುಂಬಿಸಿ, ಹಾಸಿಗೆ ಸುತ್ತಿ ಮೂಲೆಗಿಟ್ಟಳು. ನಾದಿನಿ ಬಂದು ನೋಡಿ, ಈಗ ಇದು ಸ್ಟೋರ್ ರೂಮಿನ ಹಾಗೇ ಇದೆ ಎಂದು ಮೆಚ್ಚಿಕೊಂಡಳು. ಮೆಚ್ಚಿಗೆ ಕೇಳಿ ಎಷ್ಟೋ ಕಾಲವಾಗಿತ್ತು. ಇಂಥದ್ದಕ್ಕೂ ಅಕ್ಕನ ಮುಖ ಅರಳಿತು ನೋಡಿ!

ಬೆಳಿಗ್ಗೆ ಅವಳು ಎದುರುಮನೆಗೆ ಹೋಗಿ ಕೂರುವುದೆಂದು ಮಾತಾಗಿತ್ತು. ಚಪ್ಪಲಿ ಮೆಟ್ಟುವಷ್ಟರಲ್ಲಿ ಬೆಲೆ ಕಟ್ಟುವವರು ಬಂದೇಬಿಟ್ಟರು. ಒಬ್ಬರೇ. ತಮ್ಮನ ಕೈತುಂಬ ಪತ್ರಗಳು, ನಾದಿನಿಯ ಕೈಯಲ್ಲಿ ನೀರಿನ ಲೋಟ. ಬಾಗಿಲಲ್ಲಿ ಬರಿಗೈಯಲ್ಲಿ ಸಿಕ್ಕಿದವಳು ಅಕ್ಕನೊಬ್ಬಳೇ. ಅವರು ಟೇಪಿನ ತುದಿಯನ್ನು ಅವಳಿಗೇ ಕೊಟ್ಟು, ಗೋಡೆಗೆ ಒತ್ತಿ ಹಿಡಿಯಲು ಹೇಳಿದರು. ಜೀವಮಾನವೆಲ್ಲ ಟೇಪು ಹಿಡಿದ ಕೈ. ತಮ್ಮನ ಶಾಲೆಯ ಅಂಗಿಗೆ ವರ್ಷ ವರ್ಷವೂ ಹೆಗಲು ಅಳೆದ ಕೈ. ಕೋಣೆಯಿಂದ ಕೋಣೆಗೆ ಕೆಲಸ ಹೂವೆತ್ತಿದ ಹಾಗೆ ಸಾಗಿತು. ಇಷ್ಟು ಸಲೀಸಾಗಿ ಎಲ್ಲೂ ಆಗಿರಲಿಲ್ಲ ಎಂದು ಅವರೇ ಅಂದರು.

ಕೊನೆಗುಳಿದದ್ದು ಹಿಂದಿನ ಕೋಣೆ. ಇದು ಸ್ಟೋರು ಎಂದು ನಾದಿನಿ ಮುಂಚೆಯೇ ಹೇಳಿದಳು. ಒಳಗೆ ದೀಪವಿಲ್ಲದ್ದರಿಂದ ಅವರು ಮೊಬೈಲಿನ ಬೆಳಕು ಹಾಯಿಸಿದರು. ಬೆಳಕು ಕುರ್ಚಿ, ಟ್ರಂಕು ದಾಟಿ ಹೊಲಿಗೆ ಮಿಷನ್ನಿನ ಮೇಲೆ ನಿಂತಿತು. ಅಯ್ಯೋ, ಎಲ್ಲವನ್ನೂ ಮುಚ್ಚಿಟ್ಟವಳು ಕನ್ನಡಕ ಮರೆತಿದ್ದಳು! ಪಕ್ಕದಲ್ಲೇ ಅರ್ಧ ಕುಡಿದ ಕಾಫಿಯ ಲೋಟ.

“ಇಲ್ಲಿ ಯಾರೋ ಇರೋ ಹಾಗಿದೆಯಲ್ಲ?” ಅವರು ಅಕ್ಕನ ಕಡೆ ತಿರುಗಿ, ತಮ್ಮನನ್ನು ಕೇಳಿದರು. “ಇವರು ಯಾರು?”

ನಾದಿನಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ತಮ್ಮ ಬಾಯಿ ತೆರೆದ. ಒಂದೇ ಮಾತು ಸಾಕಿತ್ತು... ಬೀದಿಯೆಲ್ಲ ಪುಕ್ಕಟೆ ಕರೆಯುವ ಆ ಒಂದೇ ಮಾತು! ಅಕ್ಕ ಅವನ ಬಾಯನ್ನೇ ನೋಡಿದಳು. ಹೇಳಿದರೆ ಅವನ ಅಂಗಡಿ ತಪ್ಪಬಹುದು. ಬೇರೆ ಏನಾದರೂ ಹೇಳಿಬಿಟ್ಟರೆ? ಅದನ್ನು ಕಿವಿಯಾರೆ ಕೇಳಿ, ಆಮೇಲೆ ಇದೇ ಮನೆಯಲ್ಲಿ ಅವನಿಗೆ ಅನ್ನ ಬಡಿಸುವುದು ಹೇಗೆ? ಅವಳ ಎದೆ ಅಷ್ಟು ಗಟ್ಟಿಯಿರಲಿಲ್ಲ.

“ನಾನು ಕೆಲಸದವಳು, ಸಾರ್,” ಎಂದಳು ಅಕ್ಕ.

ಅವರು ತಲೆಯಾಡಿಸಿ ಬರೆದುಕೊಂಡರು. ತಮ್ಮನ ಬಾಯಿ ತೆರೆದದ್ದು ಹಾಗೆಯೇ ಮುಚ್ಚಿತು.

“ಟೇಪು ಸಡಿಲ ಆಯ್ತು. ಬಿಗಿಯಾಗಿ ಹಿಡ್ಕೊಳ್ಳಮ್ಮ,” ಅಂದರು ಅವರು. ಇಷ್ಟು ಹೊತ್ತು ‘ಹಿಡ್ಕೊಳ್ಳಿ’ ಎನ್ನುತ್ತಿದ್ದವರು. ಅವಳು ಬಿಗಿಯಾಗಿ ಹಿಡಿದಳು.

ಸಂಜೆ ಮನೆಯಲ್ಲಿ ನಗು ಕೇಳುತ್ತಿತ್ತು. ಸಾಲ ಆದಂತೆಯೇ ಎಂದು ಫೋನು ಬಂದಿತ್ತು. ಅಕ್ಕ ತನ್ನ ಕೋಣೆಯಲ್ಲಿ ಟ್ರಂಕು ಸರಿಸಿ ಹಾಸಿಗೆಗೆ ಜಾಗ ಮಾಡಿಕೊಳ್ಳುತ್ತಿದ್ದಳು. ತಮ್ಮ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

“ಅಕ್ಕ, ನಾನು ಹೇಳೋದ್ರಲ್ಲೇ ಇದ್ದೆ. ಅಷ್ಟರಲ್ಲಿ ನೀನೇ...”

ಅಕ್ಕನ ಕೈ ನಿಂತಿತು. ದಿನವೆಲ್ಲ ಅವಳು ಕಾದದ್ದು ಇದೊಂದಕ್ಕೇ. “ಏನಂತ ಹೇಳೋದ್ರಲ್ಲಿದ್ದೆ, ಮರಿ?”

ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ. ಅವನು ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. ಹುಡುಗನಾಗಿದ್ದಾಗ ಸುಳ್ಳು ಹೇಳಲಾಗದೆ, ನಿಜವನ್ನೂ ಹೇಳಲಾಗದೆ ಮಾಡುತ್ತಿದ್ದ ಹಾಗೆ.

“ಬಿಡಕ್ಕ. ಎಲ್ಲ ಸುಸೂತ್ರವಾಗಿ ಮುಗೀತಲ್ಲ.”

“ಹೂಂ, ಮುಗೀತಪ್ಪ. ಊಟಕ್ಕೆ ಕೂತ್ಕೋ, ಬಂದೆ.”

ಅವನು ಹೋದ. ಅವಳು ಸೈಕಲ್ಲು, ಕುರ್ಚಿಗಳ ನಡುವೆ ಮಂಡಿ ಮಡಚಿ ಕೂತು ಸೆರಗನ್ನು ಬಾಯಿಗೊತ್ತಿಕೊಂಡಳು... ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಹಾಸಿಗೆ ಹಾಸಲೂ ಜಾಗವಿರಲಿಲ್ಲ. ಕನ್ನಡಕ ಎಲ್ಲಿಟ್ಟಳೋ, ತಡಕಿದರೂ ಸಿಗಲಿಲ್ಲ. ನಡುಮನೆಯಲ್ಲಿ ಉರಿಯುತ್ತಿದ್ದ ತನ್ನ ಬಲ್ಬನ್ನು ವಾಪಸು ಕೇಳೋಣವೆಂದು ಎದ್ದಳು. ಹೊಸಲಿನವರೆಗೂ ಹೋದಳು.

ಕೆಲಸದವಳು ಕೇಳುತ್ತಾಳೆಯೇ? ತಿರುಗಿ ಬಂದು ಕತ್ತಲಲ್ಲೇ ಹುಡುಕತೊಡಗಿದಳು.