ಹನ್ನೊಂದನೇ ಕೋಣೆಯ ಮಧ್ಯಾಹ್ನ

ನಾಲ್ಕನೇ ಕೋಣೆಯ ಬಾಗಿಲ ಮುಂದೆ ಯಾರೋ ಮೊಣಕಾಲೂರಿ ಕೂತಿದ್ದ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಬೀಗದ ತೂತಿಗೆ ಹಚ್ಚಿ, ತೆಳ್ಳನೆಯ ತಂತಿಯೊಂದನ್ನು ಒಳಗೆ ಆಡಿಸುತ್ತಿದ್ದ.

ಕಸಬರಿಗೆ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಶೇಖಮ್ಮ ಅಲ್ಲೇ ನಿಂತಳು.

“ಯಾರ್ರಿ ಅದು? ಮೊದಲ ತಂತಿ ಹೊರಗ ತೆಗೀರಿ.”

“ಸ್ವಲ್ಪ ತಡೀರಿ. ಮಾತಾಡಾಕತ್ತದ,” ಎಂದ ಅವನು, ತಿರುಗಿಯೂ ನೋಡದೆ.

“ಏನು ಮಾತಾಡಾಕತ್ತದ?”

“ಕೀಲಿ.”

ಅವಳು ಕಸಬರಿಗೆ ಎತ್ತಿದಳು. ಆಗ ಅವನು ತಿರುಗಿದ. ಹಣೆಯ ಮೇಲೊಂದು ಎಣ್ಣೆಯ ಕರೆ. ಎತ್ತಿದ ಕಸಬರಿಗೆಯನ್ನು ನೋಡಿದ, ಅದರ ಹಿಂದಿನ ಮುಖವನ್ನು ಇನ್ನಷ್ಟು ಹೊತ್ತು ನೋಡಿದ, ಆಮೇಲೆ ನಗು ತಡೆಯಲು ತುಟಿ ಕಚ್ಚಿಕೊಂಡ.

“ನಾ ಗುರಣ್ಣರಿ. ಹೈದರಾಬಾದಿನಾಗ ಕೀಲಿ ಕೆಲಸ ಕಲ್ತಾಂವ. ಸಾವುಕಾರ್ರು ಕರೆಸ್ಯಾರ.”

“ಕಳ್ಳರೂ ಹಂಗೇ ಅಂತಾರ.”

“ಕಳ್ಳ ಆಗಿದ್ರ ಇಷ್ಟೊತ್ತಿಗೆ ಬಾಗಿಲು ತೆಗೆದು ಹೋಗಿರ್ತಿದ್ದೆ.”

ಸೂಗಪ್ಪ ಸಾವುಕಾರರು ಬಂದು, ‘ಹೌದವ್ವ, ನಾನೇ ಕರೆಸೀನಿ’ ಎನ್ನುವವರೆಗೂ ಕಸಬರಿಗೆ ಕೆಳಗಿಳಿಯಲಿಲ್ಲ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಸಾವುಕಾರರು ಕಟ್ಟಿಸಿದ ಆ ಎರಡಂತಸ್ತಿನ ಮಕಾನಿಗೆ ಹದಿನೆಂಟು ಕೋಣೆಗಳು. ಕೆಳಗೆ ಅಂಗಡಿ, ಮೇಲೆ ಕೆಂಭಾವಿ ಮತ್ತು ದೋರನಹಳ್ಳಿ ಕಡೆಯ ಹತ್ತಿ ದಲಾಲರು. ನಿಜಾಮರ ಆಳ್ವಿಕೆ ಮುಗಿದು ಮೂರನೇ ವರ್ಷ ನಡೆಯುತ್ತಿತ್ತು. ಹೊಸ ಸರ್ಕಾರದ ಕಚೇರಿಯೊಂದು ಮೇಲೆ ಮೂರು ಕೋಣೆ ಕೇಳಿತ್ತು, ಆದರೆ ಅವುಗಳ ಬೀಗ ಬೇರೆ ಯಾವ ಬಾಡಿಗೆದಾರನ ಕೈಗೂ ತೆರೆಯಬಾರದು ಎಂದಿತ್ತು. ದಲಾಲರದೂ ಅದೇ ಮಾತು. ಸಾವುಕಾರರಿಗೋ, ಎಲ್ಲಿಯಾದರೂ ಬೆಂಕಿ ಬಿದ್ದರೆ ಒಂದೇ ಕೈಯಿಂದ ಹದಿನೆಂಟೂ ಬಾಗಿಲು ತೆಗೆಯುವಂತಿರಬೇಕು. ಈ ಮೂವರನ್ನೂ ಒಪ್ಪಿಸುವ ಕೆಲಸ ಗುರಣ್ಣನದು.

ಅಲ್ಲಿಯವರೆಗೆ ಆ ಹದಿನೆಂಟು ಕೀಲಿಕೈಗಳ ಗೊಂಚಲು ಶೇಖಮ್ಮನ ಸೊಂಟದಲ್ಲಿತ್ತು. ಬೆಳಿಗ್ಗೆ ತೆಗೆದು ಗುಡಿಸುವುದು, ಸಂಜೆ ಹಾಕುವುದು. ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ ಅತ್ತೆ ಮೌನಮ್ಮನ ಜೊತೆ ಅವಳ ಸಂಸಾರ. ಗಂಡ ಮರಿಲಿಂಗಪ್ಪ ರಜಾಕಾರರ ಗಲಾಟೆಯ ವರ್ಷ ಒಂಬತ್ತು ಜನರೊಂದಿಗೆ ಗಡಿ ದಾಟಿ ಹೋದವನು. ಆ ಒಂಬತ್ತೂ ಜನ ಮರಳಿ ಬಂದರು, ಅವನು ಬರಲಿಲ್ಲ.

ಬೀದಿ ಬಾಗಿಲ ಕೀಲಿಕೈ ಮಾತ್ರ ಅವಳಿಗೆ ಸಿಕ್ಕಿರಲಿಲ್ಲ. ಅದನ್ನು ಮೌನಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಸಂತೆಗೆ ಹೋದರೂ ಸೊಸೆಯನ್ನು ಒಳಗಿಟ್ಟು ಬಾಗಿಲಿಗೆ ಬೀಗ ಹಾಕಿ ಹೋಗುತ್ತಿದ್ದಳು. ಅಂಗಡಿಗಳಿಗೆ ಬೀದಿಯ ಕಡೆ ಬೇರೆ ಬಾಗಿಲುಗಳಿದ್ದವು, ಮೇಲಿನವರಿಗೆ ಹಿಂದಿನ ಮೆಟ್ಟಿಲಿತ್ತು. ಅವರ ನಡುವೆ ದಾಟಿ ಹೋಗಲು ಶೇಖಮ್ಮನಿಗೆ ಆಗುತ್ತಿರಲಿಲ್ಲವೆಂದಲ್ಲ. ಅತ್ತೆಯ ಬೀಗ ದಾಟಿದ ಸೊಸೆ ಎಂದು ಊರು ಕರೆಯುವುದಕ್ಕೆ ಅಂಜಿದ್ದಳು. ಮೂರು ವರ್ಷವಾಯಿತು. ಮೇಲಿನ ಕಿಟಕಿಯಿಂದ ರೈಲು ಹೋಗುವುದು ಕಾಣುತ್ತಿತ್ತು. ಮೊದಮೊದಲು ನೋಡುತ್ತಿದ್ದಳು, ಆಮೇಲೆ ಬೆನ್ನು ಹಾಕಿ ಗುಡಿಸುವುದು ರೂಢಿಯಾಯಿತು.

ಗುರಣ್ಣ ಬೀಗಗಳನ್ನು ಬಿಚ್ಚಿ ಪಡಸಾಲೆಯಲ್ಲಿ ಹರಡಿಕೊಂಡು ಕೂಡುತ್ತಿದ್ದ. ಅವಳು ಎಣ್ಣೆ ಬಟ್ಟೆ ಕೊಡುವ ನೆವದಲ್ಲಿ ಸ್ವಲ್ಪ ದೂರ ಕುಕ್ಕರಗಾಲಲ್ಲಿ ಕೂಡುತ್ತಿದ್ದಳು.

“ಒಂದು ಕೀಲಿಕೈ ಹದಿನೆಂಟು ಕೀಲಿ ಹ್ಯಾಂಗ ತೆಗೀತದ್ರಿ?”

“ಇಲ್ಲಿ ನೋಡ್ರಿ. ಒಳಗ ಐದು ಹಿತ್ತಾಳಿ ಪಟ್ಟಿ ಅದಾವ. ಐದನ್ನೂ ಸರಿಯಾದ ಎತ್ತರಕ್ಕ ಎತ್ತಿದ್ರ ಮಾತ್ರ ಕೀಲಿ ಬಿಡತದ. ಪ್ರತಿಯೊಂದು ಪಟ್ಟಿಗೆ ನಾ ಎರಡು ಎತ್ತರದಾಗ ಸೀಳು ಮಾಡ್ತೀನಿ. ಒಂದು, ಆ ಕೋಣಿಯವರ ಕೀಲಿಕೈಗೆ. ಇನ್ನೊಂದು, ಎಲ್ಲಾ ಬಾಗಿಲು ತೆಗೆಯೋ ಮಾಸ್ಟರ್ ಕೀಲಿಕೈಗೆ. ಕೋಣಿಯವರ ಕೀಲಿಕೈ ತಮ್ಮ ಬಾಗಿಲು ಬಿಟ್ಟು ಮತ್ತೊಂದಕ್ಕ ಹತ್ತಂಗಿಲ್ಲ.”

“ಅಂದ್ರ ಒಂದೇ ಕೀಲಿಗೆ ಇಬ್ಬರು ಮಾಲಕರು.”

ಅವನು ಅರ ಹಚ್ಚುವುದನ್ನು ನಿಲ್ಲಿಸಿ ಅವಳತ್ತ ನೋಡಿದ. ಹೈದರಾಬಾದಿನ ಉಸ್ತಾದ ಒಂದು ತಿಂಗಳು ತಿಳಿಸಿ ಹೇಳಿದ್ದನ್ನು ಇವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಅವಳು ಮುಖ ತಿರುಗಿಸಿಕೊಂಡಳು. ಕಿವಿಯ ಅಂಚು ಕೆಂಪಾಗಿದ್ದನ್ನು ಮಾತ್ರ ಸೆರಗು ಮುಚ್ಚಲಿಲ್ಲ.

ಹೀಗೆ ಹದಿನೈದು ದಿನ. ಒಂದು ದಿನ ಅವಳು ಬಾರದಿದ್ದರೆ ಅವನ ಸುತ್ತಿಗೆಯ ಸಪ್ಪಳ ಹೆಚ್ಚುತ್ತಿತ್ತು. ಸಪ್ಪಳ ಹೆಚ್ಚಿದರೆ ಅವಳಿಗೆ ಪಡಸಾಲೆಯಲ್ಲಿ ಏನೋ ಮರೆತದ್ದು ನೆನಪಾಗುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗುರಣ್ಣ ಹನ್ನೊಂದನೇ ಕೋಣೆಗೆ ಬೀಗ ಕೂಡಿಸುತ್ತಿದ್ದ. ಕಚೇರಿಯವರು ಕೇಳಿದ ಹಾಗೆ ಇದು ಬಾಗಿಲು ಮುಚ್ಚಿದರೆ ತಾನಾಗಿಯೇ ಬೀಳುವ ಬೀಗ. ಕೋಣೆಯ ಕೀಲಿಕೈ ಇನ್ನೂ ಅರ್ಧ ಮಾತ್ರ ತಯಾರಾಗಿತ್ತು. ಒಳಗಿನಿಂದ ಕೀಲಿಕೈ ಹಾಕುವ ತೂತನ್ನೂ ಕೊರೆದಿರಲಿಲ್ಲ. ತಯಾರಾಗಿದ್ದ ಒಂದೇ ಒಂದು ಮಾಸ್ಟರ್ ಕೀಲಿಕೈಯನ್ನು ಸಾವುಕಾರರು ಜೇಬಿನಲ್ಲಿಟ್ಟುಕೊಂಡು ಅಂದೇ ಬೆಳಿಗ್ಗೆ ರಾಯಚೂರಿಗೆ ಹೋಗಿದ್ದರು.

“ಸ್ವಲ್ಪ ಬಾಗಿಲು ಹಿಡೀರಿ,” ಎಂದ ಗುರಣ್ಣ. ಶೇಖಮ್ಮ ಒಳಗೆ ಬಂದು ಹಿಡಿದಳು. ಅವಳ ಕೈ ಅವನ ಕೈಗಿಂತ ಒಂದು ಗೇಣು ಮೇಲೆ. ಅವನು ಮೊಳೆಯನ್ನು ನೋಡುತ್ತಿರಲಿಲ್ಲ, ಅವಳು ಬಾಗಿಲನ್ನು ನೋಡುತ್ತಿರಲಿಲ್ಲ. ಹಿಂದಿನ ಕಿಟಕಿಯಿಂದ ಬಿಸಿಗಾಳಿ ಒಮ್ಮೆಲೇ ಬೀಸಿತು. ಬಾಗಿಲು ಅವಳ ಕೈ ಜಾರಿ ದಢಾರನೆ ಬಡಿಯಿತು. ಬೀಗ ಬಿತ್ತು.

ಗುರಣ್ಣ ಎಳೆದ, ತಳ್ಳಿದ, ಕೊನೆಗೆ ಹಣೆ ಮುಟ್ಟಿಕೊಂಡ. ಹತಾರದ ಪೆಟ್ಟಿಗೆ ಹೊರಗಿತ್ತು. ಒಳಗೆ ಅವನ ಕೈಯಲ್ಲಿದ್ದದ್ದು ಒಂದು ಸುತ್ತಿಗೆ.

“ಬಾಗಿಲು ಒಡೀಲೇನು?”

“ಬ್ಯಾಡ್ರಿ. ಸಾಗವಾನಿ ಬಾಗಿಲು. ಒಡೆದ್ರ ಸಾವುಕಾರ್ರು ನಮ್ಮನ್ನ ಹೊರಗ ಹಾಕ್ತಾರ. ಅತ್ತಿ ಎಲ್ಲಿಗೆ ಹೋಗಬೇಕು?” ಎಂದಳು ಶೇಖಮ್ಮ. ಎದುರಿನ ಗೋಡೆಯತ್ತ ಬೆರಳು ತೋರಿದಳು. “ನೀವು ಅಲ್ಲಿ ಕೂಡ್ರಿ. ಆ ಗ್ವಾಡಿಗೆ.”

ಅವನು ಆ ಗೋಡೆಗೆ ಕೂತ. ಅವಳು ಈ ಗೋಡೆಗೆ ಕೂತಳು. ನಡುವೆ ಕಿಟಕಿಯ ಸರಳುಗಳ ನೆರಳು ಚಾಪೆಯಂತೆ ಬಿದ್ದಿತ್ತು.

ಕೆಳಗಿನ ಗಡಿಯಾರ ರಿಪೇರಿಯ ಅಬ್ದುಲ್ ಕರೀಮ ಸಪ್ಪಳ ಕೇಳಿ ಮೇಲೆ ಬಂದ. ಹೊರಗಿನಿಂದಲೇ ಸಂಗತಿ ತಿಳಿದು, “ಸಾವುಕಾರ್ರು ಸಂಜೀ ಗಾಡಿಗೆ ಬರ್ತಾರ ಬೇಟಿ. ಗಾಬರಿ ಆಗಬ್ಯಾಡ. ನಾ ಸ್ಟೇಷನ್ನಿಗೇ ಹೋಗಿ ನಿಂದರ್ತೀನಿ,” ಎಂದು ಮೆಟ್ಟಿಲಿಳಿದ.

ಒಳಗೆ ಸೆಕೆ.

“ಒಂದು ಮಾತು ಹೇಳ್ಲೇನ್ರಿ?” ಎಂದ ಗುರಣ್ಣ. “ಈ ಕೆಲಸ ಎಂಟು ದಿನದ್ದು. ನಾ ಹದಿನೈದು ದಿನ ಎಳದೀನಿ.”

“ಗೊತ್ತದ.”

“ಹ್ಯಾಂಗ?”

“ಒಂಬತ್ತನೇ ಕೋಣಿ ಕೀಲಿ ಮೂರು ಸಲ ಬಿಚ್ಚೀರಿ. ಅದರಾಗ ಏನೂ ಕೆಟ್ಟಿದ್ದಿಲ್ಲ.”

ಅವನು ನಕ್ಕ. ಅವಳೂ ನಕ್ಕಳು, ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

“ನಗಬಾರದ್ರಿ ನಾ. ಮುತ್ತೈದಿ ಅನ್ನಾಕ ಮನ್ಯಾಗ ಗಂಡ ಇಲ್ಲ. ಸತ್ತಾನ ಅನ್ನಾಕ ಹೆಣ ಕಂಡವರಿಲ್ಲ. ಎರಡರ ನಡುವ ನನ್ನ ಇಟ್ಟು ಹೋಗ್ಯಾನ.”

“ನಮ್ಮ ಮಂದ್ಯಾಗ ಉಡಿಕಿ ಅದ,” ಎಂದ ಅವನು ಮೆಲ್ಲಗೆ. ಇಬ್ಬರದೂ ನದಿ ದಂಡೆಯ ಕುಲವೇ. ಮೊದಲ ಮದುವೆಯಿಂದ ಬಿಡುಗಡೆಯಾದ ಹೆಣ್ಣು ಅಲ್ಲಿ ಉಡಿಕೆ ಮಾಡಿಕೊಂಡು ಮತ್ತೊಬ್ಬನ ಕೈ ಹಿಡಿಯಬಹುದಿತ್ತು. “ನೀವು ಹ್ಞೂ ಅಂದ್ರ ನಾ ದೈವದ ಮುಂದ, ಕುಲದ ಹಿರ್ಯಾರೆಲ್ಲ ಕೂಡಿದಲ್ಲಿ ಬಂದು ಕೇಳ್ತೀನಿ.”

ಅವಳು ಉತ್ತರ ಕೊಡುವ ಮೊದಲೇ ಹೊರಗೆ ಬಳೆಯ ಸದ್ದಾಯಿತು. ಮೌನಮ್ಮ ಸಂತೆಯಿಂದ ಬಂದಿದ್ದಳು. ಅವಳ ಹಿಂದೆ ಸುದ್ದಿ ಕೇಳಿ ಬಂದ ನಾಲ್ಕೈದು ಹೆಂಗಸರು. ಬಾಗಿಲ ಹೊರಗೆ ಅವಳು ಕುಸಿದು ಕೂತಳು.

“ಶೇಖೀ, ಮರ್ಯಾದಿ ಕಳದಿ. ನಾಳೆ ನಿನ್ನ ಗಂಡ ಬಂದು ಕೇಳಿದ್ರ ನಾ ಏನು ಹೇಳ್ಲಿ?”

ಶೇಖಮ್ಮ ಎದ್ದು ಬಾಗಿಲ ಹತ್ತಿರ ಹೋದಳು. ಮೂರು ವರ್ಷ ಈ ಮಾತಿಗೆ ತಲೆ ತಗ್ಗಿಸಿದ್ದಳು. ಇವತ್ತು ತಗ್ಗಿಸಿದರೆ ನೋಡುವವರಿರಲಿಲ್ಲ, ನಡುವೆ ಬಾಗಿಲಿತ್ತು. ಅದರಿಂದಲೇ ಧೈರ್ಯ ಬಂತೋ ಏನೋ.

“ಅಂವ ಬರಂಗಿಲ್ಲ ಅತ್ತಿ. ಸತ್ತಾನ. ನಾಳೆ ದೈವ ಕೂಡಸ್ರಿ, ನನ್ನ ಬಳಿ ಒಡಸ್ರಿ. ವಿಧವಿ ಅಂತನಾದ್ರೂ ಒಂದು ಹೆಸರಿರಲಿ ನನಗ. ನೀವು ಒಡಸದಿದ್ರ ಈಗ ಇಲ್ಲೇ ನಾ ಒಡಕೋತೀನಿ.”

ಅವಳು ಕೈಯನ್ನು ಬಾಗಿಲಿಗೆ ಬಡಿದಳು. ಒಂದು ಬಳೆ ಚೂರಾಗಿ ಕೆಳಗೆ ಬಿತ್ತು. ಮತ್ತೆ ಬಡಿದಳು.

“ಬ್ಯಾಡವಾ,” ಎಂದಳು ಮೌನಮ್ಮ. ಅವಳ ದನಿ ಬೇರೆಯಾಗಿತ್ತು. “ಬ್ಯಾಡ. ಬದುಕಿದ ಮಗನ ಹೆಸರಿಲೆ ಬಳಿ ಒಡೀಬ್ಯಾಡ. ಅಂವ ಅದಾನ.”

ಶೇಖಮ್ಮ ಎತ್ತಿದ ಕೈಯನ್ನು ಬಾಗಿಲ ಮೇಲೆ ಹಾಗೇ ಊರಿದಳು.

“ಎಲ್ಲಿ ಅದಾನ?”

“ಸೊಲ್ಲಾಪುರದಾಗ. ಗಿರಣಿ ಕೆಲಸಕ್ಕ ಹೋಗ್ತಾನಂತ. ಅಂವನ ಜೋಡಿ ಗಡಿ ದಾಟಿದ್ದ ಮಲ್ಕಪ್ಪ ಕಣ್ಣಾರೆ ಕಂಡು ಬಂದು ಹೇಳಿದ. ಮತ್ತೊಬ್ಬಾಕಿನ್ನ ಮಾಡ್ಕೊಂಡಾನ, ಒಂದು ಕೂಸೂ ಅದ. ಯಾರಿಗೂ ಹೇಳಬ್ಯಾಡಂತ ಮಲ್ಕಪ್ಪನ ಕೈಲೆ ಆಣಿ ಮಾಡಿಸಿಕೊಂಡೆ.”

“ಯಾವಾಗ?”

ಮೌನಮ್ಮ ತಡೆದು ಹೇಳಿದಳು. “ಎರಡು ವರ್ಷಾತು.”

ಶೇಖಮ್ಮ ಬಾಗಿಲಿಗೆ ಒರಗಿ ಹಾಗೇ ಜಾರಿ ಕೂತಳು. ಎರಡು ವರ್ಷ. ಎಷ್ಟು ಸೋಮವಾರದ ಉಪವಾಸ, ಎಷ್ಟು ಹರಕೆ. ಗುರಣ್ಣ ಅರ್ಧ ಎದ್ದವನು, ಅವಳು ಕೈಯೆತ್ತಿದ್ದು ನೋಡಿ ಮತ್ತೆ ಕೂತ. ಇದು ತಾನು ನಡುವೆ ಬರುವ ಮಾತಲ್ಲವೆಂದು ಅವನಿಗೆ ಗೊತ್ತಾಯಿತು.

“ಯಾಕ ಅತ್ತಿ?”

“ನೀ ಹೋದ್ರ ನನಗ ಯಾರದಾರ?” ಎಂದಳು ಮುದುಕಿ ಬಾಗಿಲ ಆಚೆಯಿಂದ. “ಹಡದ ಮಗನೇ ಬಿಟ್ಟು ಹೋದ. ನೀ ನಾ ಹಡದ ಮಗಳಲ್ಲ, ನಿನ್ನ ಯಾವ ಆಸಿ ಮ್ಯಾಲೆ ನಂಬಲಿ?”

ಸಂಜೆ ಸಾವುಕಾರರು ಬಂದು ಬಾಗಿಲು ತೆಗೆದಾಗ ಎದುರಿಗೆ ಕಂಡದ್ದು ಮತ್ತೆ ಎರಡು ಗೋಡೆಗೆ ಹೋಗಿ ಕೂತ ಇಬ್ಬರು, ಬಾಗಿಲ ಬಳಿ ಒಡೆದ ಬಳೆಯ ಚೂರು. ಗುರಣ್ಣ ಮೊದಲು ಎದ್ದ. “ತಪ್ಪು ನಂದ್ರಿ. ಒಳಗಿನ ತೂತು ಕೊರೀದನ ಕೀಲಿ ಕೂಡಿಸಿದೆ. ಇವರದೇನೂ ಇಲ್ಲ.”

ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ಶೇಖಮ್ಮ ಅವರ ನಡುವೆಯೇ ನಡೆದು, ಅತ್ತೆಯನ್ನು ದಾಟಿ, ಮೆಟ್ಟಿಲಿಳಿದಳು. ಬೀದಿ ಬಾಗಿಲು ತೆರೆದಿತ್ತು. ಅವಳು ಹೊಸ್ತಿಲಾಚೆ ಹೋಗಿ ಬೇವಿನ ಮರದ ಕೆಳಗೆ ನಿಂತಳು. ಯಾರೂ ತಡೆಯಲಿಲ್ಲ.

ಗುರಣ್ಣ ಹತಾರದ ಪೆಟ್ಟಿಗೆ ಹೊತ್ತು ಅಲ್ಲಿಗೇ ಬಂದ. “ನಾ ಕೇಳಿದ್ದು...”

“ಈಗ ಕೇಳಬ್ಯಾಡ್ರಿ,” ಎಂದಳು. “ಒಂದು ಮನಿಯಿಂದ ಬಿಟ್ಟು ನೆಟ್ಟಗ ಇನ್ನೊಂದು ಮನಿಯೊಳಗ ಹೋದ್ರ ನನಗ ನನ್ನ ಮನಸ್ಸು ತಿಳಿಯಂಗಿಲ್ಲ. ತವರಿಗೆ ಹೋಗ್ತೀನಿ. ನೀವು ಬರಬ್ಯಾಡ್ರಿ, ಕಾಗದಾನೂ ಹಾಕಬ್ಯಾಡ್ರಿ. ನಾನಾಗೇ ಹೇಳಿ ಕಳಸ್ತೀನಿ. ಇಲ್ಲಾಂದ್ರ ಕಳಸಂಗಿಲ್ಲ.”

ಅವನಿಗೆ ಹೇಳಬೇಕಾದದ್ದು ಬಹಳವಿತ್ತು. “ಆತು,” ಎಂದಷ್ಟೇ ಹೇಳಿದ. ಉಳಿದ ಬೀಗಗಳನ್ನು ಮೂರೇ ದಿನದಲ್ಲಿ ಮುಗಿಸಿ ಸುರಪುರಕ್ಕೆ ಹೋದ. ಅಲ್ಲೊಂದು ಹೊಸ ಪೇಟೆಗೆ ಬೀಗ ಹಾಕುವ ಕೆಲಸವಿತ್ತು.

ಭೀಮಾ ನದಿಯ ದಂಡೆಯ ತವರಿನಲ್ಲಿ ಶೇಖಮ್ಮ ಅಣ್ಣನ ಹರಗೋಲು ಹಿಡಿದಳು. ಅಣ್ಣ ಬಲೆ ಬೀಸಿದರೆ ಅವಳು ಹುಟ್ಟು ಹಾಕುತ್ತಿದ್ದಳು. ಮೊದಲ ವಾರ ಅಂಗೈಗೆ ಬೊಬ್ಬೆ ಬಂತು. ಎರಡನೇ ವಾರ ನಿದ್ದೆ ಬಂತು. ಮೂರನೇ ವಾರ, ಹುಟ್ಟು ಹಾಕುತ್ತ, ಒಂಬತ್ತನೇ ಕೋಣೆಯ ಬೀಗ ನೆನಪಾಗಿ ಒಬ್ಬಳೇ ನಕ್ಕಳು.

ಮುಂಗಾರು ಹಿಡಿದ ಮೇಲೆ ಒಂದು ದಿನ ಮೌನಮ್ಮ ಅವರ ಅಂಗಳಕ್ಕೆ ಬಂದಳು. ಊರು ಬಿಟ್ಟು ಎಂದೂ ಹೋಗದ ಮುದುಕಿ ಒಬ್ಬಳೇ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ, ಗಿರಣಿಗಳ ಬಾಗಿಲಲ್ಲಿ ಮೂರು ದಿನ ನಿಂತು, ಮಗನನ್ನು ಹುಡುಕಿ, ಪಂಚರ ಮುಂದೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದಳು. ಸೋಡಚೀಟಿ. ಆ ಮದುವೆಯಿಂದ ಶೇಖಮ್ಮನಿಗೆ ಬಿಡುಗಡೆಯ ಪತ್ರ.

“ತಗೋ,” ಎಂದಳು. “ನಾ ಮಾಡಿದ್ದಕ್ಕ ಇದು ಸರಿ ಆಗಂಗಿಲ್ಲ. ಖರೇ, ಇದನ್ನ ತರಾಕ ಮತ್ಯಾರಿದ್ರು?”

ಶೇಖಮ್ಮ ಕ್ಷಮಿಸಿದೆ ಎನ್ನಲಿಲ್ಲ. ನೀರು ಕೊಟ್ಟಳು, ರೊಟ್ಟಿ ಬಡಿದು ಹಾಕಿದಳು. ಮುದುಕಿ ಉಣ್ಣುವಷ್ಟು ಹೊತ್ತೂ ಎದುರಿಗೆ ಕೂತಿದ್ದಳು. ಹೋಗುವಾಗ, “ಮುಂದಿನ ಹಬ್ಬಕ್ಕ ಬರ್ರಿ,” ಎಂದಳು. ಮೌನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೊರಟಳು.

ಅದೇ ವಾರ ಸುರಪುರಕ್ಕೆ ಮಾತು ಹೋಯಿತು.

ಗುರಣ್ಣ ಆಚೆ ದಡದಲ್ಲಿ ಬಂದು ನಿಂತಾಗ ಭೀಮೆ ಕೆಂಪಾಗಿ, ಅಗಲವಾಗಿ ಹರಿಯುತ್ತಿದ್ದಳು. ಹರಗೋಲಿನಲ್ಲಿ ಬಂದದ್ದು ಅಣ್ಣನಲ್ಲ. ಒಬ್ಬಳೇ ಶೇಖಮ್ಮ, ಸೀರೆ ಎತ್ತಿ ಕಟ್ಟಿ, ಬಿಸಿಲಿಗೆ ಕಪ್ಪಾದ ಮೈಯವಳು. ಅವನು ನೋಡುತ್ತಲೇ ನಿಂತ.

“ಹತ್ರಿ.”

ಅವನು ಹತ್ತಿದ, ಎರಡೂ ಕೈಯಿಂದ ಅಂಚು ಹಿಡಿದು ಕೂತ. ಹರಗೋಲು ಒಂದು ಸುತ್ತು ತಿರುಗಿತು. ಅವನ ಮುಖದ ಬಣ್ಣ ಇಳಿಯಿತು.

“ಈಜು ಬರಂಗಿಲ್ಲೇನು?”

“ಹೈದರಾಬಾದಿನಾಗ ಬೆಳದಾಂವರಿ ನಾ.”

“ನದಿ ದಂಡಿ ಕುಲದಾಂವ ಅಂತ ಹೇಳೀರಿ.”

“ಕುಲ ಖರೇ ಅದ. ಈಜು ಇಲ್ಲ.”

ಅವಳು ಜೋರಾಗಿ ನಕ್ಕಳು. ನಡು ಹೊಳೆಯಲ್ಲಿ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಹರಗೋಲು ಮೆಲ್ಲಗೆ ತೇಲತೊಡಗಿತು.

“ಅವತ್ತ ಒಂದು ಮಾತು ಕೇಳಾಕತ್ತಿದ್ರಿ. ಈಗ ಕೇಳ್ರಿ.”

“ದಂಡಿಗೆ ಹೋದ ಮ್ಯಾಲೆ ಕೇಳ್ಲೇನು?”

“ಇಲ್ಲೇ ಕೇಳ್ರಿ.”

ಅವನು ಒಂದು ಕೈಯನ್ನು ಅಂಚಿನಿಂದ ಬಿಡಿಸಿದ. ಅಷ್ಟಕ್ಕೇ ಬಹಳ ಧೈರ್ಯ ಬೇಕಾಯಿತು. ಆ ಕೈಯನ್ನು ಅವಳ ಕಡೆ ಚಾಚಿ ಕೇಳಿದ. ಅವಳು ಅವನ ಕೈ ಹಿಡಿದು, “ಹ್ಞೂ,” ಎಂದಳು. ಆಮೇಲೆ ಹುಟ್ಟನ್ನು ಅದೇ ಕೈಗೆ ಕೊಟ್ಟಳು.

“ನನಗ ಬರಂಗಿಲ್ಲರಿ ಇದು.”

“ನಾ ಕಲಸ್ತೀನಿ. ಎಡಕ್ಕ ಹಾಕ್ರಿ. ಅಷ್ಟು ಜೋರ ಬ್ಯಾಡ, ಮೆಲ್ಲಗ.”